ಬದುಕಿರುವ ಮಂಗ್ಯಾನಿಗೆ ಭಾವಪೂರ್ಣ ಶ್ರದ್ಧಾಂಜಲಿ

“ಏ ದಾನೀ, ನಿನ್ನ ಮಂಗ್ಯಾ ಸತ್ತೈತಲೇ! ನಮ್ಮ ಓಣ್ಯಾಗ ಅದಕ್ಕ ಹಾರಾ ಹಾಕಿ ನಿಲ್ಲಿಸ್ಯಾರ!”

ಖಾನಾಪುರದಿಂದ ಶರ್ವರಿ ಫೋನಿನಲ್ಲಿ ಕಿರುಚಿದ ರಭಸಕ್ಕೆ, ಬೆಳಗಾವಿಯ ಅನಗೋಳದಲ್ಲಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ದಾನೇಶ್ವರಿಯ ಕೈಯಿಂದ ಕ್ಲಿಪ್ಪು ಜಾರಿ ನೆರೆಮನೆಯ ಅಂಗಳಕ್ಕೆ ಬಿತ್ತು. ಗಾಬರಿಯಾಗಿ ತಿರುಗಿ ನೋಡಿದರೆ, ಸತ್ತ ಸುದ್ದಿ ಬಂದ ಮಂಗ ಎದುರು ಮನೆಯ ನೀರಿನ ಟಾಕಿಯ ಮೇಲೆ ಆರಾಮಾಗಿ ಕುಳಿತಿದೆ! ಯಾರ ಮನೆಯಿಂದಲೋ ಎತ್ತಿಕೊಂಡು ಬಂದ ಬದನೆಕಾಯಿಯನ್ನು ಒಂದು ಸಲ ಕಚ್ಚಿತು, ಮುಖ ಕಿವುಚಿತು, ಕೆಳಗೆ ಎಸೆಯಿತು. ಆಮೇಲೆ ಟಾಕಿಯ ಮುಚ್ಚಳ ಎತ್ತಿ ಒಳಗೆ ಇಣುಕಿತು. ಓಣಿಯ ಒಂದೊಂದು ಟಾಕಿಯನ್ನೂ ಹೀಗೆ ತಪಾಸಣೆ ಮಾಡುವುದಕ್ಕೇ ದಾನೇಶ್ವರಿ ಅದಕ್ಕೆ ‘ಇನ್ಸ್‌ಪೆಕ್ಟರ್’ ಎಂದು ಹೆಸರಿಟ್ಟಿದ್ದಳು.

“ಸಾಯಾಕ ಏನ್ ಧಾಡಿ ಅದಕ್ಕ? ಇಲ್ಲೇ ಕುಂತೈತಿ ನನ್ನ ಮುಂದ, ಗುಂಡಕಲ್ಲ ಇದ್ದಂಗ!”

“ಅಲ್ಲಲೇ, ನೀ ತಗದ ಚಿತ್ರಾ! ಫೋನಿನ್ಯಾಗ ಬಣ್ಣಾ ಹಚ್ಚಿ ತಗದಿದ್ದಿಯಲ್ಲ, ಅದು! ದೊಡ್ಡ ಬ್ಯಾನರ್ ಮಾಡ್ಯಾರ. ತಲಿ ಹಿಂದ ಚಕ್ರಾ ಬ್ಯಾರೆ ಬಿಟ್ಟಾರ, ದೇವರಿಗೆ ಬಿಡ್ತಾರ ನೋಡು, ಹಂಗ. ತಡಿ, ಕಳಸ್ತೀನಿ.”

ಟಿಂಗ್ ಎಂದು ವಾಟ್ಸಾಪಿಗೆ ಬಂದದ್ದನ್ನು ನೋಡಿ ದಾನೇಶ್ವರಿಯ ಕಿವಿ ಬಿಸಿಯಾದವು.

ಮೇಲೆ ಕೇಸರಿ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ನಡುವೆ ಬಂಗಾರದ ಚೌಕಟ್ಟಿನೊಳಗೆ ಅವಳ ಇನ್ಸ್‌ಪೆಕ್ಟರ್. ಹಣೆಗೆ ಯಾರೋ ಉದ್ದ ಕುಂಕುಮ ಎಳೆದಿದ್ದರು. ಕೊರಳಿಗೆ ಕಂಪ್ಯೂಟರಿನ ಚೆಂಡುಹೂವಿನ ಹಾರ. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ತಿದ್ದಿದ ಎದೆಯ ರೋಮವೆಲ್ಲ ಆ ಹಾರದ ಅಡಿಗೆ ಹೋಗಿ ಮುಚ್ಚಿತ್ತು. ಕೆಳಗೆ ‘ಶೋಕತಪ್ತರು’ ಎಂದು ಬರೆದು ಓಣಿಯ ಗಂಡಸರೆಲ್ಲರ ಫೋಟೋ ಸಾಲಾಗಿ ಹಾಕಿದ್ದರು. ಅದರಲ್ಲಿ ಅರ್ಧ ಮಂದಿ ಕಪ್ಪು ಕನ್ನಡಕ ಹಾಕಿಕೊಂಡು ಶೋಕಿಸುತ್ತಿದ್ದರು. ಇವೆಲ್ಲವನ್ನೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಬಲಗಡೆ ಮೂಲೆಯಲ್ಲಿ ಇನ್ನೂ ಒಂದು ಸಾಲಿತ್ತು: ‘ಛಾಯಾಚಿತ್ರ ಹಾಗೂ ವಿನ್ಯಾಸ: ಸುಯೋಗ ಡಿಜಿಟಲ್ಸ್, ಖಾನಾಪುರ’.

“ಛಾಯಾಚಿತ್ರ?” ದಾನೇಶ್ವರಿ ಪರದೆಯ ಮೇಲೆ ಆ ಸಾಲನ್ನು ಹಿಗ್ಗಿಸಿದಳು. “ಛಾಯಾಚಿತ್ರ ಅಂತಲೇ ಶರೂ? ನಿಮ್ಮಣ್ಣ ಬರದಾನೇನು ಇದನ್ನ?”

ಸುಯೋಗ ಶರ್ವರಿಯ ಒಡಹುಟ್ಟಿದ ಅಣ್ಣ.

“ನಾ ನಮ್ಮ ಮನಿ ಗ್ರೂಪಿಗೆ ಹಾಕಿದ್ದೆ,” ಎಂದಳು ಶರ್ವರಿ, ದನಿ ಇಳಿಸಿ. “ನನ್ನ ಗೆಳತಿ ಎಷ್ಟ ಚೊಲೋ ತಗೀತಾಳ ನೋಡ್ರಿ ಅಂತ. ಅಂವಾ ಅಲ್ಲಿಂದ ಎತ್ಯಾನ. ಮೊನ್ನಿ ನಮ್ಮ ಓಣ್ಯಾಗ ಒಂದು ಕರೀ ಮುಖದ ಮುಸ್ಯಾ ಕರೆಂಟ್ ಹೊಡದು ಸತ್ತಿತ್ತು. ಭಜನಿ ಮಾಡಿ, ಮೆರವಣಿಗಿ ಮಾಡಿ ಮಣ್ಣ ಮಾಡಿದ್ರು. ಈಗ ಕಟ್ಟಿ ಕಟ್ಟಸಾಕತ್ತಾರ. ನಾಡದು ಓಣಿ ಊಟ. ಅವತ್ತ ಕಲ್ಲ ಕೂಡಸ್ತಾರ.”

“ಎಂಥಾ ಕಲ್ಲು?”

“ಕರೀ ಗ್ರಾನೈಟ. ಅದರ ಮ್ಯಾಲ ನಿನ್ನ ಮಂಗ್ಯಾನ್ನ ಲೇಸರ್‌ದಲೇ ಕೆತ್ತಸ್ತಾರಂತ. ಕೆಳಗ ಅಣ್ಣನ ಅಂಗಡಿ ಹೆಸರು.”

ದಾನೇಶ್ವರಿ ಉಳಿದ ಬಟ್ಟೆಯನ್ನು ಹಿಂಡದೆ ಬಕೆಟ್ಟಿನಲ್ಲೇ ಬಿಟ್ಟು ದಡದಡ ಕೆಳಗಿಳಿದಳು.

ಆ ಚಿತ್ರ ಹುಟ್ಟಿದ ಬಗೆಯನ್ನು ಹೇಳದಿದ್ದರೆ ಅವಳ ಸಿಟ್ಟು ಯಾರಿಗೂ ಅರ್ಥವಾಗದು. ಬಿ.ಕಾಂ. ಓದುವ ಹುಡುಗಿ, ಕ್ಲಾಸಿನ ಟಿಪ್ಪಣಿಯಿಂದ ಹಿಡಿದು ಸಂತೆಯ ಚೀಟಿಯವರೆಗೆ ಎಲ್ಲವೂ ಫೋನಿನಲ್ಲೇ. ಚಿತ್ರವೂ ಅದರಲ್ಲೇ. ಪರದೆಯ ಮೇಲೆ ಬರೆಯಲೆಂದು ಕೊಂಡಿದ್ದ ಪೆನ್ನು ಮುರಿದುಹೋದ ಮೇಲೆ ಬೆರಳೇ ಕುಂಚವಾಯಿತು. ಮೊದಲು ಕಂದುಬಣ್ಣದ ಒಂದು ಮುದ್ದೆ ಬಳಿದು, ಇದು ಮಂಗ ಆಗಲಿ ದೇವರೇ ಎಂದು ಬೇಡಿಕೊಂಡಳು. ಒಂದೊಂದೇ ಕೂದಲನ್ನು ಬಿಡಿಸಿದಳು. ಮಂಗ ಹೋಗಿ ಕಸಬರಿಗೆಯಾಯಿತು. ಅಳಿಸಿದಳು. ಕೂದಲು ಒಂದೊಂದಾಗಿ ಇರುವುದಿಲ್ಲ, ಜೊಂಪೆ ಜೊಂಪೆಯಾಗಿ ಮೈಯ ಇಳಿಜಾರನ್ನು ಹಿಡಿದು ಮಲಗಿರುತ್ತವೆ ಎಂದು ಗೊತ್ತಾಗುವಷ್ಟರಲ್ಲಿ ಬೆರಳಿನ ತುದಿ ಮರಗಟ್ಟಿತ್ತು. ನೆರಳಿಗೆ ಕಪ್ಪು ಬಳಿದರೆ ಮಸಿ ಮೆತ್ತಿದಂತೆ ಕಾಣುತ್ತದೆ, ನೀಲಿ ಬೆರೆಸಬೇಕು ಎಂಬುದನ್ನೂ ಕೆಡಿಸಿ ಕೆಡಿಸಿಯೇ ಕಲಿತಳು. ಮುಖದ ಸುಕ್ಕಿಗೆ ಒಂದು ಒಣ ಖರ್ಜೂರವನ್ನು ಕಿಟಕಿಯಲ್ಲಿಟ್ಟು ಬಿಸಿಲು ಅದರ ಮೇಲೆ ಹೇಗೆ ಬೀಳುತ್ತದೆಂದು ನೋಡಿದಳು. ಫೋನು ಕಾದು ಹೆಂಚಾದರೆ ನೆಲದ ಫರಸಿಯ ಮೇಲೆ ತಣ್ಣಗಾಗಲು ಬಿಟ್ಟು, ತಾನೂ ಪಕ್ಕದಲ್ಲೇ ಮಲಗಿ ಕಾಯುತ್ತಿದ್ದಳು.

ಕಣ್ಣುಗಳದ್ದು ದೊಡ್ಡ ಫಜೀತಿ. ಇನ್ಸ್‌ಪೆಕ್ಟರ್ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕೊನೆಗೆ ಅವಳು ಸೋದರತ್ತೆ ರೇಣವ್ವನ ಕಣ್ಣನ್ನೇ ಹತ್ತಿರದಿಂದ ಫೋಟೋ ಹೊಡೆದಿದ್ದಳು. ಕಾಲೇಜಿಗೆಂದು ದಾನೇಶ್ವರಿ ಉಳಿದುಕೊಂಡಿದ್ದು ಈ ಅತ್ತೆಯ ಮನೆಯಲ್ಲೇ. “ಹಗಲೂ ರಾತ್ರಿ ಆ ಫೋನಿನ್ಯಾಗ ಏನ್ ಮುಳುಗಿರ್ತಿ!” ಎಂದು ಬೈಯಲು ಅತ್ತೆ ಬಾಯಿ ತೆರೆಯುವ ಮುಂಚಿನ ಆ ಗಳಿಗೆಯ ಕಣ್ಣು. ಅದನ್ನು ನೋಡಿ ನೋಡಿ ಮಂಗನಿಗೆ ಕೂರಿಸಿದಾಗ, ಮುದ್ದೆ ಥಟ್ಟನೆ ಜೀವ ತಳೆದು ಅವಳನ್ನೇ ದಿಟ್ಟಿಸಿತ್ತು. ಅಂದು ಅವಳು ಒಬ್ಬಳೇ ಕೋಣೆಯಲ್ಲಿ ಕುಣಿದಿದ್ದಳು.

ಈಗ ಬ್ಯಾನರು ನೋಡಿದ ರೇಣವ್ವ ಸೌಟು ಹಿಡಿದೇ ನಿಂತುಬಿಟ್ಟಳು.

“ಅಲ್ಲಬೇ, ಇದರಾಗ ಕಣ್ಣು ನನ್ನವು ಅಂತ ಹೇಳಿದ್ದೆಲ್ಲ?”

“ಹೂಂ ಅತ್ತಿ.”

“ಮತ್ತ ನಾ ಇಲ್ಲೇ ಪುಂಡಿಪಲ್ಲೆ ಮಾಡಾಕತ್ತೀನಿ, ಅಲ್ಲೆ ನನ್ನ ಕಣ್ಣಿಗೆ ಹಾರಾ ಹಾಕ್ಯಾರ? ಬಾಡಕೋಗಳು! ಹೋಗು, ಈಗಿಂದೀಗ ಹೋಗು. ಕೇಳಿ ಬಾ. ಸುಮ್ಮ ಬಂದೆಂದ್ರ ನೋಡು ಮತ್ತ!”

ಬೇರೆ ದಿನವಾಗಿದ್ದರೆ ದಾನೇಶ್ವರಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಆಧಾರ್ ತೋರಿಸಿ, ಕಿಟಕಿಯ ಪಕ್ಕ ಕುಳಿತು, ಹೇಳಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಮಸೆಯುತ್ತಾ ಹೋದಳು. ಬ್ಯಾನರು ಹರಿದುಹೋಗುತ್ತದೆ, ಹೋಗಲಿ. ಆದರೆ ಕಲ್ಲು? ಫೋನಿನಲ್ಲಿ ತಪ್ಪಿದರೆ ಎರಡು ಬೆರಳು ತಾಗಿಸಿದರೆ ಸಾಕು, ಹಿಂದಿನದಕ್ಕೆ ಹೋಗಬಹುದು. ಕಲ್ಲಿಗೆ ಅದೆಲ್ಲಿದೆ? ತನ್ನ ಮೊದಲ ಚೆಂದದ ಚಿತ್ರ, ಇನ್ನೊಬ್ಬನ ಅಂಗಡಿಯ ಫೋಟೋ ಎಂದು, ಮಳೆ ಬಿಸಿಲು ಎನ್ನದೆ ಅಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ತನ್ನ ಹೆಸರು ಇರಬೇಕು. ಇರಲೇಬೇಕು. ಇಲ್ಲದಿದ್ದರೆ ಕಲ್ಲಿನ ಮೇಲೆ ಕುಳಿತುಬಿಡುತ್ತೇನೆ ಎಂದುಕೊಂಡಳು.

ಸ್ಟ್ಯಾಂಡಿಗೆ ಬಂದಿದ್ದ ಶರ್ವರಿ ಗೆಳತಿಯ ಮುಖ ನೋಡಿ ನೇರ ಅಣ್ಣನ ಅಂಗಡಿಗೆ ಕರೆದೊಯ್ದಳು. ಒಳಗೆ ಮೂಗಿಗೆ ಬಡಿಯುವ ಬಣ್ಣದ ವಾಸನೆ. ಯಂತ್ರ ಕರಕರ ಎನ್ನುತ್ತಾ ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಮೀಸೆಯವರೆಗೆ ಹೊರಹಾಕಿತ್ತು.

“ಬಾ ಬಾ, ದಾನೇಶ್ವರಿ! ಚಹಾ ಹೇಳ್ಲೇನು?” ಸುಯೋಗ ಕುರ್ಚಿಯಿಂದ ಏಳದೆಯೇ ನಕ್ಕ.

“ಚಹಾ ಒಲ್ಲೆ. ಸುಯೋಗಣ್ಣಾ, ಛಾಯಾಚಿತ್ರ ಅಂತ ಬರಕೊಂಡೀಯಲ್ಲ, ಯಾವ ಕ್ಯಾಮೆರಾದಾಗ ಹೊಡದಿ ಹೇಳು.”

“ಏ, ಅದಾ? ಅದು ಎಲ್ಲಾ ಬ್ಯಾನರಿಗೂ ಇರೂ ಲೈನು ನಮ್ಮವ್ವಾ. ಅದಕ್ಕ ಯಾಕ ಅಷ್ಟ ತಲಿ ಕೆಡಿಸ್ಕೊಂತಿ?”

“ಚಿತ್ರಾ ನಂದು!”

“ಗ್ರೂಪಿಗೆ ಬಂದಿತ್ತು. ಗ್ರೂಪಿಗೆ ಬಂದದ್ದು ಎಲ್ಲಾರದೂ ಆತು.”

“ಹೌದಾ? ನಿಮ್ಮ ಮಂದಿ ಬಸದಿ ಮುಂದ ಚಪ್ಪಲ್ ಬಿಟ್ಟು ಒಳಗ ಹೋಗ್ತಾರಲ್ಲ, ಅವೂ ಎಲ್ಲಾರವೂ ಆದ್ವೇನು? ನಾ ಎರಡು ಜೋಡಿ ಹಾಕ್ಕೊಂಡು ಹೋಗ್ಲೇನು?”

ಶರ್ವರಿ ಫಕ್ಕನೆ ನಕ್ಕು, ಅಣ್ಣ ಕಣ್ಣು ಬಿಟ್ಟದ್ದನ್ನು ನೋಡಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

“ಮತ್ತ ಇನ್ನೊಂದು,” ದಾನೇಶ್ವರಿಯ ಮಾತು ಈಗ ಉರುಳಲು ಶುರುವಾಗಿತ್ತು, “ಸತ್ತದ್ದು ಮುಸ್ಯಾ. ಕರೀ ಮೋತಿ, ಮಾರುದ್ದ ಬಾಲ. ನಾ ತಗದದ್ದು ಕೆಂಪು ಮೋತಿ ಮಂಗ್ಯಾ, ನಡು ಬೈತಲಿ ತಗದು ತಲಿ ಬಾಚಿದಂಗ ಇರ್ತೈತಲ್ಲ, ಅದು. ಎರಡಕ್ಕೂ ಎಮ್ಮಿಗೂ ಆಡಿಗೂ ಇದ್ದಷ್ಟ ಫರಕ ಐತಿ. ಅಷ್ಟೂ ಕಣ್ಣಿಗೆ ಕಾಣಲಿಲ್ಲೇನು?”

“ಹನಮಪ್ಪನ ಮುಂದ ಎಲ್ಲಾ ಒಂದ ಬಿಡವಾ. ಮಂದಿ ಬಂದು ಕೈ ಮುಗದು ಹೊಂಟಾರ. ಒಬ್ಬರರ ತಕರಾರ ಮಾಡ್ಯಾರೇನು ಕೇಳು.”

“ಆಯಿ ಮಾಡ್ಯಾಳಲ್ಲ,” ಎಂದು ಶರ್ವರಿ ಮೆಲ್ಲಗೆ ಅಜ್ಜಿಯ ಮಾತು ತೆಗೆದಳು.

“ಆಯಿಗೆ ವಯಸ್ಸಾಗೈತಿ!” ಎಂದ ಸುಯೋಗ. ತಂಗಿಯನ್ನು ಗದರಿಸಿದ ಮೇಲೆ ಅವನ ದನಿ ಸ್ವಲ್ಪ ಮೆತ್ತಗಾಯಿತು. “ನೋಡು ದಾನೇಶ್ವರಿ, ಸತ್ತದ್ದರ ಫೋಟೋ ಒಂದೂ ಇರಲಿಲ್ಲ. ಮಂದಿ ನಿಂತು ಬ್ಯಾನರ್ ಎಲ್ಲಿ, ಬ್ಯಾನರ್ ಎಲ್ಲಿ ಅಂತ ಜೀವ ತಿಂದ್ರು. ನಿಂದು ಕೈಗೆ ಸಿಕ್ಕಿತು. ಎಷ್ಟ ಖರೇ ಇತ್ತಂದ್ರ, ಫೋಟೋ ಇದ್ದಂಗೈತಿ! ಅದಕ್ಕ ಹಾಕಿದೆ. ನೀ ಖುಷಿ ಪಡಬೇಕು.”

ಫೋಟೋ ಇದ್ದಂಗೈತಿ! ಕಾಲೇಜಿನಲ್ಲೂ ಅದೇ ಮಾತು, ಅನಗೋಳದಲ್ಲೂ ಅದೇ ಮಾತು. ಹೊಗಳಿದರೆಂದು ಹಿಗ್ಗುವುದೋ, ತನ್ನ ಬೆರಳನ್ನೆಲ್ಲ ಒರೆಸಿಹಾಕಿದರೆಂದು ಅಳುವುದೋ ದಾನೇಶ್ವರಿಗೆ ನಿನ್ನೆಯವರೆಗೂ ಬಗೆಹರಿದಿರಲಿಲ್ಲ. ಇವತ್ತು ಬಗೆಹರಿಯಿತು: ಅದು ಒರೆಸಿಹಾಕುವುದೇ.

“ನಿಮ್ಮ ಅಪ್ಪಾರ ಹಂತೇಕ ಹೋಗೂಣು ನಡಿ,” ಎಂದಳು. “ಕಲ್ಲಿನ ಕೆಲಸಾ ಅವರೇ ನೋಡ್ಕೊಂತಾರಲ್ಲ?”

ಶರ್ವರಿಯ ಅಪ್ಪ ತಾತ್ಯಾಸಾಹೇಬರದ್ದು ಕಿರಾಣಿ ಅಂಗಡಿ; ಅದರ ಹಿಂದೆಯೇ ಮನೆ. ಓಣಿಯಲ್ಲಿ ಗಣಪತಿ ಕೂರಿಸುವುದಿರಲಿ, ಗಟಾರು ಕಟ್ಟಿದ್ದಿರಲಿ, ಎಲ್ಲವೂ ಅವರ ಗಲ್ಲಾಪೆಟ್ಟಿಗೆಯ ಮುಂದೆಯೇ ತೀರ್ಮಾನವಾಗುತ್ತಿತ್ತು. ಮಗನಿಗಿಂತ ಮೊದಲೇ ಬಂದು ನಿಂತ ಹುಡುಗಿಯನ್ನು ನೋಡಿ ಅವರು ತಕ್ಕಡಿ ಬದಿಗಿಟ್ಟರು. ಹಿಂದಿನಿಂದ ಸುಯೋಗ ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಬಂದ.

“ಕುಂದರು ಮಗಳ. ಏನು ಇಷ್ಟ ಬಿಸಲಾಗ?”

“ಕುಂದರೂದಿಲ್ಲ ಕಾಕಾ. ಮೊದಲ ಇದನ್ನ ನೋಡ್ರಿ.”

ಅವಳು ಚಿತ್ರ ಬಿಡಿಸುವಾಗಲೆಲ್ಲ ಫೋನು ತನ್ನ ಪಾಡಿಗೆ ತಾನು ಅದನ್ನು ವಿಡಿಯೋ ಮಾಡಿಟ್ಟಿತ್ತು. ಅದನ್ನು ಹಚ್ಚಿ ಅವರ ಕೈಗೆ ಕೊಟ್ಟಳು. ಪುಟ್ಟ ಪರದೆಯಲ್ಲಿ ಕಂದು ಮುದ್ದೆಗೆ ಭುಜ ಮೂಡಿತು, ಕಿವಿ ಮೂಡಿತು, ರೋಮ ಬಂದಿತು, ಅಳಿಸಿತು, ಮತ್ತೆ ಬಂದಿತು. ಬೆಲ್ಲ ಕೊಳ್ಳಲು ಬಂದವರು ಬೆಲ್ಲ ಮರೆತು ಬಗ್ಗಿ ನೋಡಿದರು. ಕಣ್ಣಿನೊಳಗೆ ಬೆಳಕಿನ ಚುಕ್ಕೆ ಬಿದ್ದಾಗ ತಾತ್ಯಾಸಾಹೇಬರು ಕುರ್ಚಿಯಲ್ಲೇ ಹಿಂದೆ ಸರಿದರು.

“ಅಬಬಬಾ! ಇದನ್ನ ನೀ ಕೈಲೆ ತಗದೀ? ಈ ಬಟ್ಟಲೇ?” ಎಂದು ಅವಳ ತೋರುಬೆರಳಿನ ಕಡೆ ಕೈ ಮಾಡಿದರು.

“ಈ ಬಟ್ಟಲೇ ರೀ.”

“ಸುಯೋಗಾ! ಇದನ್ನ ನೀ ಹೊಡದ ಫೋಟೋ ಅಂದಿದ್ದಿಯಲ್ಲೋ ನನಗ!”

ಸುಯೋಗ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ. ಅಂಗಡಿಯ ಹೆಸರು ಕಲ್ಲಿನ ಮೇಲೆ ಬಂದರೆ ನಾಲ್ಕು ಗಿರಾಕಿ ಹೆಚ್ಚು ಬರುತ್ತಾರೆ ಎಂಬ ಆಸೆ ಅವನದು. ಆ ಆಸೆಗೆ ಒಂದು ಸುಳ್ಳು ಸಣ್ಣದೆಂದು ಅವನಿಗೆ ಅನಿಸಿರಬೇಕು.

“ತಪ್ಪಾತು,” ಎಂದರು ತಾತ್ಯಾಸಾಹೇಬರು, ಮಗನ ಪರವಾಗಿ. “ನೋಡು ಮಗಳ, ನಿನ್ನ ಹೆಸರು ಹಾಕೂಣು. ಅವನ ಅಂಗಡಿ ಹೆಸರು ತಗಸ್ತೀನಿ. ಕಲ್ಲಿನ ಮ್ಯಾಲ ‘ಚಿತ್ರ: ಕುಮಾರಿ ದಾನೇಶ್ವರಿ, ಅನಗೋಳ’ ಅಂತ ದೊಡ್ಡದಾಗಿ. ಸಾಕಲ್ಲ? ನಾಡದು ಊಟಕ್ಕ ಬಾ, ಎಲ್ಲಾರ ಮುಂದ ಶಾಲು ಹೊದ್ದಿಸೂಣು. ಏ ಸುಯೋಗಾ, ಬರಿ ಈಗ. ಕಲ್ಲಿನಾಂವ ನಾಳೆ ಸಂಜೀಕ ಕೇಳ್ಯಾನ.”

ಸುಯೋಗ ಲ್ಯಾಪ್‌ಟಾಪ್ ತೆರೆದು, ಅಲ್ಲೇ ಅಕ್ಕಿಯ ಚೀಲದ ಮೇಲೆ ಇಟ್ಟುಕೊಂಡು, ತನ್ನ ಅಂಗಡಿಯ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿದ. ಅದರ ಜಾಗದಲ್ಲಿ ಇವಳದ್ದು ಮೂಡಿತು. ದಾನೇಶ್ವರಿ ನೋಡುತ್ತಾ ನಿಂತಳು. ಕರಿಕಲ್ಲಿನ ಮೇಲೆ, ಬಿಳಿ ಅಕ್ಷರದಲ್ಲಿ, ಅವಳ ಹೆಸರು! ಬಂದ ಕೆಲಸವಾಯಿತು. ಶರ್ವರಿ ಅವಳ ತೋಳು ಹಿಸುಕಿದಳು. ಇನ್ನು ಚಹಾ ಕುಡಿಯಬಹುದಿತ್ತು.

“ಹೆಸರ ಹಾಕ್ರಿ, ಚೊಲೋ ಮಾಡಿದ್ರಿ. ಬರದಾಕಿ ಹೆಸರು ಬರಲಿ. ಆದ್ರ ಕಣ್ಣು ಮಂಗ್ಯಾಂದಲ್ಲ ಅದು.”

ಮಾತು ಬಂದದ್ದು ಒಳಬಾಗಿಲಿನಿಂದ. ಹೊಸ್ತಿಲ ಮೇಲೆ ಶರ್ವರಿಯ ಅಜ್ಜಿ ಸುಂದರಾಬಾಯಿ ಕುಳಿತಿದ್ದಳು. ಬಿಳಿ ಸೀರೆ, ದಪ್ಪ ಗಾಜಿನ ಕನ್ನಡಕ, ತೊಡೆಯ ಮೇಲೆ ಹುಣಸೆಹಣ್ಣು ಬಿಡಿಸುವ ಪರಾತ. ಯಾವಾಗಿನಿಂದ ಅಲ್ಲಿದ್ದಳೋ ಯಾರೂ ಗಮನಿಸಿರಲಿಲ್ಲ.

“ಆತು, ಶುರುವಾತು,” ಎಂದು ಸುಯೋಗ ಗೊಣಗಿದ.

“ನೀ ಬಾಯಿ ಮುಚ್ಚೋ. ನನಗ ಬ್ಯಾನರ್ ಕಟ್ಟಿದ ದಿನಾನೇ ಗೊತ್ತಾಗಿತ್ತು ಇದು ಫೋಟೋ ಅಲ್ಲ, ಯಾರೋ ಬರದದ್ದು ಅಂತ. ಮಂಗ್ಯಾ ಹಂಗ ನೋಡಂಗಿಲ್ಲ. ಅದು ಯಾವಳೋ ಹೆಣ್ಮಗಳು, ಇನ್ನೇನು ಬೈತಾಳ ಅನ್ನೂ ಹೊತ್ತಿನ್ಯಾಗ ನೋಡ್ತಾಳಲ್ಲ, ಆ ನೋಟ. ಹೌದೋ ಅಲ್ಲೋ?”

ದಾನೇಶ್ವರಿಗೆ ಮೊದಲು ಬಂದದ್ದು ಸಿಟ್ಟು. ಜಗತ್ತೆಲ್ಲ ಫೋಟೋ ಎನ್ನುತ್ತಿರುವಾಗ ಈ ಮುದುಕಿ ತಪ್ಪು ತೆಗೆಯುತ್ತಾಳಲ್ಲ! “ಕಣ್ಣು ಬರೋಬರಿ ಅದಾವ್ರಿ ಆಯಿ,” ಎಂದು ಮೂಗು ಅರಳಿಸಿದಳು. ಮಾತು ಬಾಯಿಂದ ಹೊರಬಿದ್ದ ಮೇಲೆ ತಲೆಗೆ ಹೊಳೆಯಿತು: ಇಷ್ಟು ಜನರ ನಡುವೆ ಈಕೆಯೊಬ್ಬಳೇ ಅದನ್ನು ಬಿಡಿಸಿದ್ದೆಂದು ಕಂಡವಳು. ವಿಡಿಯೋ ಬೇಕಾಗಿರಲಿಲ್ಲ, ಜಗಳ ಬೇಕಾಗಿರಲಿಲ್ಲ. ನೋಡಿ ಹಿಡಿದಿದ್ದಾಳೆ.

“ನಮ್ಮ ಅತ್ತಿ ಕಣ್ಣು ರೀ,” ಎಂದು ಒಪ್ಪಿಕೊಂಡಳು.

“ಹಾಂ. ಭಾಳ ಸಿಟ್ಟಿನಾಕಿ ಇರಬೇಕು.”

“ಭಾಳ ರೀ.”

ಸುಂದರಾಬಾಯಿ ನಗಲಿಲ್ಲ. ಹುಣಸೆಬೀಜವೊಂದನ್ನು ಕಿತ್ತು ಬುಟ್ಟಿಗೆ ಎಸೆದಳು. “ಅದೇನರ ಇರಲಿ, ಚೊಲೋ ಬರದೀ. ಆ ಕಿವಿ ಹಿಂದ ಬಿಸಲು ಬಿದ್ದು ಕೆಂಪಗ ಕಾಣತೈತಲ್ಲ, ಅದನ್ನ ನೋಡಿ ನನಗ ಮುಟ್ಟಬೇಕನಿಸಿತು. ಹಂಗಾರ ಒಂದು ಮಾತ ಹೇಳು. ಅದು ಬದುಕೈತೇನು?”

“ಐತ್ರಿ. ಇವತ್ತ ಮುಂಜಾನಿ ಬದನಿಕಾಯಿ ತಿನ್ನಾಕತ್ತಿತ್ತು.”

“ಬದುಕಿದ್ದದ್ದಕ್ಕ ಯಾಕ ಗೋರಿ ಕಟ್ಟಸ್ತಿ ಮತ್ತ?”

ತಾತ್ಯಾಸಾಹೇಬರು ಕೆಮ್ಮಿದರು.

“ಅವ್ವಾ, ಅದೆಲ್ಲಾ ಆಗಿಹೋದ ಮಾತ ಈಗ. ಮುಸ್ಯಾ ಏನು, ಮಂಗ್ಯಾ ಏನು...”

“ಮುಸ್ಯಾ ಅನಬ್ಯಾಡ. ಅವನ ಹೆಸರು ಬಾಳ್ಯಾ,” ಎಂದಳು ಮುದುಕಿ. ದನಿ ಏರಿರಲಿಲ್ಲ, ಆದರೆ ಪರಾತ ಹಿಡಿದ ಕೈ ಬಿಗಿದಿತ್ತು. “ದಿನಾ ಮುಂಜಾನಿ ಹಿತ್ತಲ ಗ್ವಾಡಿ ಮ್ಯಾಲ ಬಂದು ಕುಂದರತಿದ್ದ. ನಾ ಭಾಕರಿ ಮುರದು ಕೊಟ್ರ, ಎರಡೂ ಕೈಲೆ ಇಸ್ಕೊಳ್ಳತಿದ್ದ. ಕಸ್ಕೊಳ್ಳತಿದ್ದಿಲ್ಲ. ಇಸ್ಕೊಳ್ಳತಿದ್ದ. ಅಂವಾ ಸತ್ತ ಮ್ಯಾಲ ನೀವು ಎಲ್ಲಾರೂ ಕೂಡಿ ಕುಣದ್ರಿ, ಗುಲಾಲ ಹಾರಿಸಿದ್ರಿ. ಕಡೀಕ ಅವನ ಮೋತಿ ಒಂದು ಸುದ್ಧಾ ಇಡಲಿಲ್ಲ. ಯಾವುದೋ ಊರಿಂದು ತಂದು ನಿಲ್ಲಿಸಿ ಕೈ ಮುಗಿ ಅಂತೀರಿ. ನಾ ಸತ್ತರ ನಂಗೂ ಬಾಜೂ ಮನಿಯಾಕಿ ಫೋಟೋ ಹಾಕ್ರಿ, ಏನ? ಎಲ್ಲಾ ಮುದುಕೇರೂ ಒಂದ ಅಲ್ಲೇನು ದೇವರ ಮುಂದ!”

“ಏನ್ ಮಾತವ್ವಾ ಇದು,” ಎಂದು ತಾತ್ಯಾಸಾಹೇಬರು ತಲೆ ಕೆಳಗೆ ಹಾಕಿದರು.

ದಾನೇಶ್ವರಿ ಲ್ಯಾಪ್‌ಟಾಪಿನ ಪರದೆ ನೋಡಿದಳು. ಅವಳ ಹೆಸರು ಅಲ್ಲೇ ಇತ್ತು, ದಪ್ಪಗೆ, ಹೊಳೆಯುತ್ತಾ. ಅದರ ಮೇಲೆ ಇನ್ಸ್‌ಪೆಕ್ಟರ್, ಹಣೆಯ ತುಂಬ ಕುಂಕುಮ. ಇದು ಎಂಥ ಮೋಸ! ಇಷ್ಟು ಹೊತ್ತು ತನ್ನ ಬೆರಳನ್ನು ಕದ್ದರೆಂದು ಹಾರಾಡಿದವಳು, ಹೆಸರು ಸಿಕ್ಕ ಕೂಡಲೇ ಇನ್ನೊಬ್ಬನ ಮುಖ ಕದಿಯಲು ತಯಾರಾಗಿ ನಿಂತಿದ್ದಳಲ್ಲ! ಕೂದಲಿನ ಸುಳಿ ಎಡಕ್ಕೋ ಬಲಕ್ಕೋ ಎಂದು ನೋಡಲು ಮಾಳಿಗೆಯ ಮೇಲೆ ಮಧ್ಯಾಹ್ನವೆಲ್ಲ ಕುಳಿತದ್ದು, ಅದು ಅನಗೋಳದ ಆ ಒಂದೇ ಮಂಗ ಆಗಬೇಕೆಂದಲ್ಲವೇ? ಯಾವ ಸತ್ತ ಪ್ರಾಣಿಗಾದರೂ ಹೊಂದಲಿ ಎಂದಿದ್ದರೆ ಕಸಬರಿಗೆಯೇ ಸಾಕಿತ್ತು.

“ಸುಯೋಗಣ್ಣಾ, ನನ್ನ ಹೆಸರ ತಗಿ.”

“ಏನ?”

“ಹೆಸರ ತಗಿ. ಚಿತ್ರಾನೂ ತಗಿ. ಬ್ಯಾನರೂ ಇಳಸು.”

ಸುಯೋಗ ಎರಡೂ ಕೈ ಮೇಲೆತ್ತಿದ. “ಈಗರ ಹೆಸರ ಹಾಕು ಅಂತ ಜಗಳಾಡಿದಿ! ಅಪ್ಪಾ, ನೀವೇ ನೋಡ್ರಿ, ಈಕಿ ನಮ್ಮನ್ನೇ ಮಂಗ್ಯಾ ಮಾಡಾಕತ್ತಾಳ!”

“ನಾ ಮಾಡೂದೇನೈತಿ ಅದರಾಗ?” ಎಂದಳು ದಾನೇಶ್ವರಿ. ಬೆಲ್ಲದವರು ಗೊಳ್ಳೆಂದರು. ಅವಳು ನಗದೆ ತಾತ್ಯಾಸಾಹೇಬರ ಕಡೆ ತಿರುಗಿದಳು. “ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಈ ಕಲ್ಲಿನ ಮ್ಯಾಲ ನನ್ನ ಹೆಸರಿದ್ರ, ನಾಳೆ ಯಾರರ ಬಾಳ್ಯಾನ್ನ ನೋಡಿದವರು ಬಂದು, ಏ ಈ ಹುಡುಗಿಗೆ ಮುಸ್ಯಾ ಯಾವುದು ಮಂಗ್ಯಾ ಯಾವುದು ಗೊತ್ತಿಲ್ಲ ಅಂತ ನಗ್ತಾರ. ನನಗ ಒಪ್ಪಂಗಿಲ್ಲ. ಆಯಿ ಹೇಳೂದು ಖರೇ ಐತಿ.”

“ಅಲ್ಲ ಮಗಳ, ನಾಡದು ಊಟ. ಕಲ್ಲು ಬಂದು ಕುಂತೈತಿ. ಬರೇ ಕಲ್ಲ ನಿಲ್ಲಸ್ಲೇನು?”

“ಬಾಳ್ಯಾನ ಫೋಟೋ ಯಾರ ಫೋನಿನ್ಯಾಗೂ ಇಲ್ಲೇನ್ರಿ?”

ಶರ್ವರಿ ತನ್ನ ಫೋನು ತೆಗೆದು ತೋರಿಸಿದಳು. ಒಂದರಲ್ಲಿ ಗೋಡೆಯ ಆಚೆಗೆ ಇಳಿಯುತ್ತಿರುವ ಬಾಲ. ಇನ್ನೊಂದರಲ್ಲಿ ಹಿಂಭಾಗ. ಮೂರನೆಯದರಲ್ಲಿ ಅರ್ಧ ಅವಳದೇ ಹೆಬ್ಬೆರಳು, ಉಳಿದರ್ಧ ಬೂದುಬಣ್ಣದ ಮೋಡ.

“ಇದನ್ನ ಕೆತ್ತಸ್ರಿ ಹಂಗಾರ,” ಎಂದ ಸುಯೋಗ, ಬಾಲ ತೋರಿಸಿ.

ಸುಂದರಾಬಾಯಿ ಪರಾತ ಪಕ್ಕಕ್ಕಿಟ್ಟಳು. “ಫೋಟೋ ಇಲ್ಲದಿದ್ರೇನಾತು? ನಾ ಇದ್ದೀನಲ್ಲ. ಅವನ ಹುಬ್ಬು ಹೆಂಗಿತ್ತಂದ್ರ, ಬಾಗಲಕ್ಕ ಛಜ್ಜಾ ಇಳಿಬಿಟ್ಟಿರ್ತಾರಲ್ಲ, ಹಂಗ ಮುಂದ ಚಾಚಿತ್ತು. ಮೋತಿ ಕರೀದು ಖರೇ, ಆದ್ರ ಬರೇ ಕರೀದಲ್ಲ. ಭಾಕರಿ ಹಂಚಿನ ತಳಾ ನೋಡೀಯೇನು? ಕರೀದರ ಮ್ಯಾಲ ಬೂದಿ ಕುಂತಂಗ.”

ದಾನೇಶ್ವರಿಯ ಬೆರಳು ತಾನಾಗಿಯೇ ತೊಡೆಯ ಮೇಲೆ ಒಂದು ಗೆರೆ ಎಳೆಯಿತು. ಕರಿಯ ಮೇಲೆ ಬೂದಿ. ಅದಕ್ಕೆ ಕಪ್ಪಲ್ಲ, ಕಡುನೀಲಿ ಹಚ್ಚಿ, ಮೇಲೆ ಒಣ ಕುಂಚದಿಂದ ತೇಲಿಸಿದ ಹಾಗೆ...

“ಗದ್ದಕ್ಕ ಬಿಳೇ ಕೂದಲಿದ್ವೇನ್ರಿ?”

“ಇದ್ವು. ಒಂದು ಬಾಜೂಕ ಜಾಸ್ತಿ.”

“ಯಾವ ಬಾಜೂಕ?”

ಮುದುಕಿ ಕಣ್ಣು ಮುಚ್ಚಿ, ಗಾಳಿಯಲ್ಲಿ ಭಾಕರಿ ಮುರಿದು ಯಾರಿಗೋ ಕೊಟ್ಟಂತೆ ಕೈ ಚಾಚಿದಳು. “ಅವನ ಎಡಕ್ಕ,” ಎಂದಳು.

“ಹಿಂಗ ಹೇಳಿದ್ರ ತಗೀಬಹುದು,” ಎಂದಳು ದಾನೇಶ್ವರಿ. ಆಮೇಲೆ ಬೆರಳು ಮಡಚಿ ದಿನ ಎಣಿಸಿದಳು. “ಆದ್ರ ನನಗ ಮಂಗ್ಯಾಂದು ರೂಢಿ ಐತಿ, ಮುಸ್ಯಾಂದಿಲ್ಲ. ಅದಕ್ಕ ಭಾಳ ದಿನಾ ಬೇಕು ಕಾಕಾ. ಒಂದು ದಿನದಾಗ ಹೆಂಗ? ಬರೇ ಹೊಟ್ಟಿ ರೋಮಕ್ಕನೇ ನಾ...”

“ಹೊಟ್ಟಿ ಬ್ಯಾಡ. ಬರೇ ಮೋತಿ ಸಾಕು,” ಎಂದರು ತಾತ್ಯಾಸಾಹೇಬರು. ಅವರು ತಾಯಿಯ ಮುಖವನ್ನೇ ನೋಡುತ್ತಿದ್ದರು. “ಕಲ್ಲಿನಾಂವಗ ನಾ ಹೇಳ್ತೀನಿ, ನಾಡದು ಮುಂಜಾನಿ ತನಕಾ ತಡಿ ಅಂತ. ಸುಯೋಗಾ, ಎದ್ದೇಳು. ಬ್ಯಾನರ್ ಇಳಸು ಹೋಗು.”

“ಹಗಲ ಹೊತ್ತಿನ್ಯಾಗ? ಮಂದಿ ಏನಂದಾರು ಅಪ್ಪಾ?”

“ಮಂದೀಗೆ ನಾ ಹೇಳ್ತೀನಿ,” ಎಂದಳು ಸುಂದರಾಬಾಯಿ. ಸುಯೋಗ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮುದುಕಿ ಹೊಸ್ತಿಲು ಹಿಡಿದು ಎದ್ದು, ದಾನೇಶ್ವರಿಯ ಹತ್ತಿರ ಬಂದು, ಅವಳ ತೋರುಬೆರಳನ್ನು ಹಿಡಿದು ತಿರುವಿ ನೋಡಿದಳು, ಅಂಗಡಿಯಲ್ಲಿ ಬದನೆಕಾಯಿ ನೋಡುವ ಹಾಗೆ.

“ಅವನ ಅವ್ವಾ, ಅಣ್ಣಾ ತಮ್ಮಾ ಇನ್ನೂ ಅದಾರ. ಮುಂಜಾನಿ ಹೊಳಿ ಹಂತೇಕ ಹುಣಸಿಗಿಡಕ್ಕ ಇಳೀತಾವ. ಅವನ್ನ ನೋಡ್ಕೋತ ಬರಿ, ನಾ ಬಾಜೂಕ ಕುಂತು ತಪ್ಪ ಹೇಳ್ತೀನಿ. ಕಣ್ಣಿಗೆ ಮಾತ್ರ ಬ್ಯಾರೆಯವರನ್ನ ತರಬ್ಯಾಡ. ನಾಳೆ ಯಾವಾಗ ಬರ್ತಿ?”

“ಎಂಟರ ಬಸ್ಸಿಗೆ ಬರ್ತೀನ್ರಿ ಆಯಿ.”

“ಎಂಟರ ಬಸ್ಸಿಗೆ ನೀ ಬರೂದ್ರಾಗ ಅವು ತಿಂದು ಅಡವಿಗೆ ಹೋಗಿರ್ತಾವ. ಆರರ ಬಸ್ಸಿಗೆ ಬಾ.”

“ಆರಕ್ಕ? ನಮ್ಮ ಅತ್ತಿ...”

“ನಿಮ್ಮ ಅತ್ತೀನ್ನೂ ಕರಕೊಂಡ ಬಾ. ಆ ಕಣ್ಣಿನಾಕೀನ್ನ ನಾ ಒಮ್ಮಿ ನೋಡಬೇಕು. ಸ್ಟ್ಯಾಂಡಿನಾಗ ಶರೂ ನಿಂತಿರ್ತಾಳ.”

“ಅಷ್ಟ ಮುಂಜಾನಿ ನಾನ್ಯಾಕ ಆಯಿ?” ಎಂದು ಶರ್ವರಿ ಕಣ್ಣರಳಿಸಿದಳು.

“ಗ್ರೂಪಿಗೆ ಹಾಕಿದಾಕಿ ನೀನೇ ಅಲ್ಲೇನು? ಆರರ ಬಸ್ಸಿಗೆ. ತಡಾ ಮಾಡಬ್ಯಾಡ್ರಿ ಇಬ್ಬರೂ.”